ಅಮ್ಮ ಕೂರಬಲ್ಲ ಕಾರು

ಭಾನುವಾರ, ಮಧ್ಯಾಹ್ನ

ಹೊಸ ಮನೆಯ ಒಡತಿ, ನನ್ನ ಮುದ್ದಿನ ತಂಗಿ ಪುಟ್ಟಿಗೆ,

ಯಾವ ಎಲೆಕ್ಟ್ರಿಕ್ ಕಾರು ಕೊಳ್ಳಲಿ ಎಂದು ಕೇಳಿದ್ದೀಯ. ಷೋರೂಮಿನಲ್ಲಿ ವಾರವೆಲ್ಲ ಕಾರು ಮಾರಿ ಗಂಟಲು ಒಣಗಿಸಿಕೊಳ್ಳುವವಳಿಗೆ ಭಾನುವಾರವೂ ಅದೇ ಕೆಲಸ ಹಚ್ಚಿದ್ದೀಯಲ್ಲ, ನಿನ್ನನ್ನು ಏನೆನ್ನಲಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಈ ಕಾಗದ.

ಅಮ್ಮನ ಕಾಯಿಲೆ ಗೊತ್ತಾದಾಗಿನಿಂದ ನಿನ್ನದು ಒಂದೇ ಹಟ, ಸ್ವಂತ ಕಾರಿನಲ್ಲಿ ಬಂದು ಅವಳನ್ನು ಕರೆದೊಯ್ದು ಹೊಸ ಮನೆ ತೋರಿಸಬೇಕೆಂದು. ಹಾಗಾಗಿ ಅಮ್ಮನನ್ನೇ ಕೂರಿಸಿ ನಮ್ಮಲ್ಲಿರುವ ಮೂರನ್ನೂ ವಾರಕ್ಕೊಂದರಂತೆ ಓಡಿಸಿ ನೋಡಿದೆ. ಮ್ಯಾನೇಜರ್ ಕಂಡೂ ಕಾಣದಂತೆ ಇದ್ದುಬಿಟ್ಟರು.

ಮೊದಲು ಚಿಕ್ಕದು. ಬೆಲೆ ಕಡಿಮೆ, ಸಂದಿಗೊಂದಿಗಳಲ್ಲಿ ಸಲೀಸಾಗಿ ತಿರುಗುತ್ತದೆ, ಮನೆಯ ಪ್ಲಗ್ಗಿಗೇ ಹಾಕಿ ಚಾರ್ಜ್ ಮಾಡಬಹುದು. ಅಮ್ಮ ಮುಂದಿನ ಸೀಟಿನಲ್ಲಿ ಕೂತು, ಹಾರನ್ ಹೊಡಿ, ನಿಧಾನ ಹೋಗು ಎಂದು ನನಗೇ ಪಾಠ ಹೇಳಿದಳು. ಸದ್ದೇ ಇಲ್ಲದ್ದು ಮಾತ್ರ ಅವಳಿಗೆ ಹಿಡಿಸಲಿಲ್ಲ. ಹೊರಟಿದೆಯೋ ನಿಂತಿದೆಯೋ ತಿಳಿಯದ ಇದೆಂಥ ಕಾರು ಎಂದಳು. ಆದರೆ ಅದು ಒಂದು ಚಾರ್ಜಿನಲ್ಲಿ ನಿಮ್ಮೂರು ಮುಟ್ಟುವುದಿಲ್ಲ.

ಮಧ್ಯದ್ದು ನಿನ್ನ ಕಣ್ಣು ಬಿದ್ದಿರುವ ಬಿಳಿ ಕಾರು. ನೋಡಲು ಚೆಂದ, ಕಾಲಿಟ್ಟರೆ ಸಾಕು, ಹಾರಿಕೊಂಡು ಹೋಗುತ್ತದೆ. ಬ್ಯಾಟರಿ ನೆಲದಡಿ ಇರುವುದರಿಂದ ಹಿಂದೆ ಕೂತವರ ಮಂಡಿ ಮೇಲಕ್ಕೆ ಬರುತ್ತದೆ. ಅಮ್ಮ ಒರಗಿಕೊಳ್ಳಲಿ ಎಂದು ಹಿಂದೆ ಕೂರಿಸಿದ್ದೆ. ಹತ್ತುವಾಗ ಕೈ ಹಿಡಿಯಬೇಕಾಯಿತು. ಆ ಸಲ ಪಾಠವಿಲ್ಲ. ಕಿಟಕಿಗೆ ತಲೆ ಆನಿಸಿ, ನಿನ್ನ ಮನೆಗೆ ಮೆಟ್ಟಿಲು ಬಹಳವೇ ಎಂದಷ್ಟೇ ಕೇಳಿದಳು. ಇನ್ನೊಂದು, ಇನ್ನೆಷ್ಟು ದೂರ ಓಡುತ್ತದೆ ಎಂದು ಪರದೆ ತೋರಿಸುವುದನ್ನು ನಂಬಬೇಡ. ಎ.ಸಿ. ಹಾಕಿ ಒಂದು ಏರು ಹತ್ತಿಸಿದರೆ ನೋಡನೋಡುತ್ತಲೇ ಇಳಿದುಹೋಗುತ್ತದೆ.

ದೊಡ್ಡದಕ್ಕೆ ಬೆಲೆ ಜಾಸ್ತಿ, ನಿಲ್ಲಿಸಲು ಜಾಗ ಬೇಕು, ಬುಕ್ ಮಾಡಿದರೆ ಎರಡು ತಿಂಗಳು ಕಾಯಬೇಕು. ಆದರೆ ಗುಂಡಿ ಬಿದ್ದ ರಸ್ತೆಯಲ್ಲೂ ಮೈ ಕುಲುಕುವುದಿಲ್ಲ. ಹಿಂದಿನ ಸೀಟು ಪೂರ್ತಿ ಮಡಚಿ ಹಾಸಿಗೆ ಹಾಸಬಹುದು. ಹಾಸಿದೆ. ಅಮ್ಮ ಮಲಗಿಕೊಂಡೇ ಆಕಾಶ ನೋಡುತ್ತ ಬಂದಳು. ಇಳಿಸುವಾಗ ಮ್ಯಾನೇಜರೇ ಎತ್ತಿಕೊಂಡರು. ಭಾರವೇ ಇಲ್ಲವಲ್ಲ ಎಂದು ಬಾಯಿ ತಪ್ಪಿ ಅಂದವರು ನನ್ನ ಮುಖ ನೋಡಿ ಬೇಗ ಬೇಗ ಮನೆಯೊಳಕ್ಕೆ ನಡೆದರು.

ಆದ್ದರಿಂದ ದೊಡ್ಡದನ್ನೇ ತೆಗೆದುಕೋ. ಅಮ್ಮ ಚೆನ್ನಾಗಿದ್ದಾಳೆ, ಸ್ವಲ್ಪ ಸುಸ್ತು ಅಷ್ಟೇ. ಇನ್ನೂ ಒಂದು ವರ್ಷ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಬಣ್ಣದ ವಿಷಯದಲ್ಲಿ ಮಾತ್ರ ನಿನ್ನ ಗಂಡನ ಮಾತು ಕೇಳಬೇಡ, ಅವರ ಅಂಗಿಗಳನ್ನು ನಾನು ನೋಡಿದ್ದೇನೆ.

ಎಂದೆಂದೂ ನಿನ್ನವಳೇ,
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದದ್ದು ಸುಳ್ಳು. ಪುಟ್ಟಿ ಅಳುತ್ತಾ ಓಡಿ ಬರುವುದು ಬೇಡ, ಕಾರಿನಲ್ಲಿ ನಗುತ್ತಾ ಬರಲಿ ಎಂದು ನನ್ನಿಂದ ಆಣೆ ಹಾಕಿಸಿದ್ದಾಳೆ. ಫೋನಿನಲ್ಲಿ ಹೇಳೋಣವೆಂದರೆ ರಜೆ ಹಾಕಿ ಅವಳ ಪಕ್ಕದಲ್ಲೇ ಇದ್ದೇನೆ, ಎಲ್ಲ ಕೇಳಿಸಿಕೊಳ್ಳುತ್ತಾಳೆ. ಡಾಕ್ಟರ ಲೆಕ್ಕವೂ ಕಾರಿನ ಪರದೆಯ ಲೆಕ್ಕದಂತೆಯೇ ಆಯಿತು. ಆ ದೊಡ್ಡ ಕಾರಿನಿಂದ ಇಳಿಸಿದ ಮೇಲೆ ಅವಳು ಹಾಸಿಗೆ ಬಿಟ್ಟು ಎದ್ದಿಲ್ಲ. ಎರಡು ತಿಂಗಳು ನಮ್ಮ ಕೈಯಲ್ಲಿಲ್ಲ ಪುಟ್ಟಿ, ಎರಡು ವಾರವೂ ಇದೆಯೋ ಇಲ್ಲವೋ. ನಾಳೆ ನಿಮ್ಮೂರಿಗೆ ಹೊರಟಿರುವ ಮ್ಯಾನೇಜರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಅವರ ಜೊತೆಗೇ ಬರುತ್ತೇನೆಂದು ಅವರು ಹಿಂತಿರುಗುವವರೆಗೂ ಕಾಯಬೇಡ. ಕಾರು ಬುಕ್ ಮಾಡಬೇಡ. ಸಿಕ್ಕಿದ ಬಸ್ಸು ಹತ್ತಿ ಬಾ. ಸಂಜೆಯಾದರೆ ಬೀದಿಬಾಗಿಲು ಹಾಕಲು ಅಮ್ಮ ಬಿಡುವುದಿಲ್ಲ. ನಿನ್ನೆಯೂ ಅದನ್ನೇ ಹೇಳಿದಳು: "ತೆಗ್ದೇ ಇರ್ಲಿ ಕಣೇ. ಅವಳ ಕಾರು ಸದ್ದು ಮಾಡಲ್ಲ. ಬಂದಿದ್ದು ನಂಗೆ ಗೊತ್ತಾಗಲ್ಲ."