ವಾಪಸ್ ಬೇಕಾದ ಹಿಮ

ತಮ್ಮ ವರ್ಲಿನ್‌ಗೆ,

ನೀನು ಸದಸ್ಯನಾಗಿರುವ ಜಿಲ್ಲಾ ಮಂಡಳಿ ನಮ್ಮ ಹಾಲ್ಡನ್ ಊರಿನ ಪ್ರತಿ ಮನೆಯಿಂದಲೂ ರಸ್ತೆ ತೆರಿಗೆ ಕಿತ್ತುಕೊಳ್ಳುತ್ತದೆ. ಆದರೆ ನಿಮ್ಮ ಹಿಮ ಗೋರುವ ಲಾರಿ ನಮ್ಮ ಗಡಿ ಬಂದ ಕೂಡಲೇ ಅಲಗು ಮೇಲೆತ್ತಿಕೊಂಡು ಓಡುತ್ತದೆ, ಆಚೆ ಗಡಿ ದಾಟಿದ ಮೇಲೇ ಮತ್ತೆ ಇಳಿಸುತ್ತದೆ. ಪ್ರತಿ ಚಳಿಗಾಲವೂ ಇದೇ ಕಥೆ.

ಜಿಲ್ಲೆಯ ಮೇಲೆ ದಾವೆ ಹೂಡಬೇಕೋ ಬೇಡವೋ ಅಂತ ಮಂಗಳವಾರ ನಮ್ಮ ಪುರಸಭೆಯಲ್ಲಿ ಮತಕ್ಕೆ ಹಾಕುತ್ತೇವೆ. ಸದಸ್ಯರು ಸಮಸಮ ಇದ್ದಾರೆ. ಅಧ್ಯಕ್ಷೆಯಾದ ನಾನು ಕೈ ಎತ್ತಿದ ಕಡೆಗೇ ತೀರ್ಮಾನ. ಇದು ನಿನಗೂ ಗೊತ್ತು. ಹೀಗಿರುವಾಗ ನಿನ್ನೆ ನಿಮ್ಮ ಲಾರಿ ಊರೊಳಗೆ ಬಂದು, ಉಳಿದವರನ್ನೆಲ್ಲ ಬಿಟ್ಟು, ನನ್ನ ಮನೆ ಬಾಗಿಲಿಗೆ ಮಾತ್ರ ದಾರಿ ಮಾಡಿ ಹೋಗಿದೆ. ಯಾರ ತಲೆ ಓಡಿದ್ದೋ ಇದು?

ಎದುರುಮನೆ ಇರ್ಮಾ ಮೊಣಕಾಲುದ್ದ ಹಿಮದಲ್ಲಿ ನಿಂತು, "ಏನಮ್ಮ ಮಾರ್ಲಿಸ್, ತಮ್ಮನ ಜೊತೆ ವ್ಯಾಪಾರ ಕುದುರಿತಾ?" ಅಂದಳು. ನನಗೆ ಅಡುಗೆ ಹಾಕಿ ಕೊಟ್ಟಿದ್ದ ಪಾತ್ರೆಯನ್ನೂ ವಾಪಸ್ ಇಸಿದುಕೊಂಡು ಹೋದಳು.

ಅಮ್ಮ ಮಾತ್ರ ನಿನ್ನ ಪರ. "ನನ್ನನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಕೆ ಆಗ್ಲಿ ಅಂತ ಮಾಡಿಸಿದಾನೆ ಕಣೇ, ಪಾಪ" ಅನ್ನುತ್ತಾಳೆ. ಹೋದ ತಿಂಗಳು ಅದೇ ಬಾಗಿಲಲ್ಲಿ ಅವಳು ಜಾರಿ ಬಿದ್ದಾಗ ಈ ಲಾರಿ ಎಲ್ಲಿತ್ತು?

ಮಂಗಳವಾರದೊಳಗೆ ಇಡೀ ಊರಿನ ಹಿಮ ಗೋರಿಸು. ಆಗದಿದ್ದರೆ ನನ್ನ ಬಾಗಿಲ ಹಿಮ ನನಗೆ ವಾಪಸ್ ಬೇಕು.

ಭಾನುವಾರ ಊಟಕ್ಕೆ ಬಾ, ಅಮ್ಮ ಕಾಯುತ್ತಾಳೆ. ಬರುವಾಗ ಸಲಿಕೆ ತಾ. ಅರ್ಧ ಹಿಮ ನಾನೇ ಬಾಗಿಲಿಗೆ ವಾಪಸ್ ಎಳೆದು ಹಾಕಿದ್ದೇನೆ, ಉಳಿದರ್ಧ ನಿನಗೆ ಇಟ್ಟಿದ್ದೇನೆ.

ನಿನ್ನ ಅಕ್ಕ,
ಮಾರ್ಲಿಸ್