ಚಕ್ರದ ಮೇಲಿನ ಗೃಹಪ್ರವೇಶ

ಪ್ರಾಸ್ಪೆಕ್ಟ್, ಅಡಿಲೇಡ್
12 ಮಾರ್ಚ್ 2016

ಲಾರಿಮನೆಯ ಯಜಮಾನರಾದ ಶ್ರೀ ವೇಣುಗೋಪಾಲರಿಗೆ, ಅವರ ಹೆಂಡತಿ ಅಪರ್ಣಾ ಮಾಡುವ ನಮಸ್ಕಾರಗಳು.

ನಾನು ಬೈಯಲು ಶುರು ಮಾಡಿದ ಕೂಡಲೇ ನಿಮ್ಮ ಫೋನಿನ ಸಿಗ್ನಲ್ ಹೋಗುತ್ತದೆ. ಅದಕ್ಕೇ ಈ ಕಾಗದ. ನಿಮ್ಮ ಮನೆಗೆ ನಂಬರ್ ಪ್ಲೇಟ್ ಇದೆಯೇ ಹೊರತು ವಿಳಾಸವಿಲ್ಲ. ಪರ್ತ್‌ನಲ್ಲಿರುವ ನಿಮ್ಮ ಗೆಳೆಯ ನಟರಾಜ್ ಮನೆಗೆ ಹಾಕುತ್ತಿದ್ದೇನೆ.

ಮಾಸನ್ ಲೇಕ್ಸ್‌ನ ಆಫೀಸಿನ ಕೆಲಸ ಬಿಟ್ಟಿರಿ, ಸುಮ್ಮನಿದ್ದೆ. ಹಳೇ ಲಾರಿ ತಂದು ಹಿತ್ತಿಲ ತುಂಬ ಮರದ ಹೊಟ್ಟು ಮಾಡಿದಿರಿ, ಗುಡಿಸಿದೆ. ಲಾರಿಯ ಮೇಲೆ ಮರದ ಮನೆ ಎದ್ದಿತು, ಕಿಟಕಿಗೆ ಬಣ್ಣದ ಗಾಜು ಬಂತು, ಹೊಗೆ ಕೊಳವೆಯೂ ಬಂತು. ನಾನಿರುವ ಮನೆಯ ಹಿಂಬಾಗಿಲ ಚಿಲಕ ಮಾತ್ರ ಇನ್ನೂ ದಾರದಲ್ಲಿ ನೇತಾಡುತ್ತಿದೆ. "ಊರೂರಿನ ಕರಕುಶಲ ಸಂತೆಗಳಲ್ಲಿ ನಾನು ಮಾಡಿದ ಮರದ ಸೌಟು ಮಾರಿಕೊಂಡು ಬದುಕೋಣ, ನೀನೂ ಬಾ" ಎಂದಿರಿ. ಯೋಚಿಸಿ ಹೇಳುತ್ತೇನೆ ಎಂದೆ. ಬರುವುದಿಲ್ಲ ಎಂದೆನೇ? ನೀವು ಒಬ್ಬರೇ ಲಾರಿ ಹತ್ತಿ ಪರ್ತ್ ಸಂತೆಗೆ ಹೊರಟುಬಿಟ್ಟಿರಿ.

ನಿನ್ನೆ ಪ್ರಾಸ್ಪೆಕ್ಟ್ ರಸ್ತೆಯ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಶಾರದಾ ಆಂಟಿ ಎಲ್ಲರೆದುರು, "ಏನಮ್ಮಾ, ಪರ್ತ್‌ನಲ್ಲಿ ನಿಮ್ಮ ಟ್ರಕ್ ಮನೆ ಗೃಹಪ್ರವೇಶ ಆಯ್ತಂತೆ, ನೀನೇ ಹೋಗ್ಲಿಲ್ವಾ?" ಎಂದರು. ನಟರಾಜ್ ಕಳಿಸಿದ ಫೋಟೋ ತೋರಿಸಿದರು. ಬಾಗಿಲಿಗೆ ತೋರಣ, ಒಲೆಯ ಮೇಲೆ ಉಕ್ಕುವ ಹಾಲು, ಪಂಚೆಯುಟ್ಟು ಒಬ್ಬರೇ ಕೈಮುಗಿದು ನಿಂತ ನೀವು! ಬದನೆಕಾಯಿ ಅಲ್ಲೇ ಬಿಟ್ಟು ಬಂದೆ.

ಫೋನ್ ಮಾಡಿ ಕೇಳಿದರೆ, "ಅಯ್ಯೋ, ಅದು ಬರೀ ಗಾಡಿ ಪೂಜೆ ಕಣೇ" ಎಂದಿರಿ. ರೀ, ಗಾಡಿ ಪೂಜೆಯಾದರೆ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಬೇಕು. ಹಾಲು ಯಾಕೆ ಉಕ್ಕಿಸಿದಿರಿ? ಗೃಹಪ್ರವೇಶವಾದರೆ ಹೆಂಡತಿ ಪಕ್ಕದಲ್ಲಿರಬೇಕು. ನನ್ನನ್ನು ಯಾಕೆ ಕರೆಯಲಿಲ್ಲ? ಎರಡರಲ್ಲಿ ಒಂದು ಹೇಳಿ ಎಂದೆ. ಸಿಗ್ನಲ್ ಹೋಯಿತು.

ನನಗೆ ಸಿಟ್ಟಿಗಿಂತ ಅಳು ಬಂತು. ಲಾರಿಯಲ್ಲಿ ಬದುಕಲು ನನಗೆ ಹೆದರಿಕೆ, ಹೌದು. ಆದರೆ ನಾನಿಲ್ಲದೆಯೂ ಅದು ನಿಮಗೆ ಮನೆ ಎನಿಸಿತಲ್ಲ, ಅದು ಇನ್ನೂ ಹೆಚ್ಚಿನ ಹೆದರಿಕೆ. ಬ್ರಿಸ್ಬೇನ್ ಸಂತೆಗೆ ಹೋಗುವಾಗ ಅಡಿಲೇಡ್ ಮೇಲೆ ಬಂದು ಕರೆದೊಯ್ಯುತ್ತೇನೆ ಎಂದಿದ್ದಿರಿ. ಬೇಡ, ನೇರ ಹೋಗಿ. ನನಗೆ ಕ್ಲಿನಿಕ್ ಇದೆ, ಕೀಳಲು ಜನರ ಹಲ್ಲುಗಳಿವೆ, ಆರಾಮವಾಗಿದ್ದೇನೆ.

ಇಂತಿ,
ಅಲುಗಾಡದ ಮನೆಯಿಂದ,
ಅಪರ್ಣಾ

ತಾ.ಕ.: ಶಾರದಾ ಆಂಟಿಯಿಂದ ಫೋಟೋಗಳನ್ನೆಲ್ಲ ತರಿಸಿಕೊಂಡು ನೋಡಿದೆ. ಮಂಚವನ್ನು ಒಬ್ಬರಿಗೇ ಆಗುವಷ್ಟು ಅಗಲ ಮಾಡಿದ್ದೀರಿ. ಅಡಿಲೇಡಿಗೆ ಬರುವುದರೊಳಗೆ ಇನ್ನೊಂದು ಹಲಗೆ ಸೇರಿಸಿ. ಗೋಡೆ ಕಡೆ ನಾನು ಮಲಗುವುದಿಲ್ಲ, ಗೊತ್ತಲ್ಲ.