ಬಲೆಯೊಳಗಿನ ಅಂಜೂರ

ಸೊಸೆ ಚಲುವಾಜಮ್ಮನಿಗೆ,

ನೀನು ಮುನಿಸಿಕೊಂಡು ಬಂಡೂರಿನ ತವರಿಗೆ ಹೋದ ಮೇಲೆ ಅಂಜೂರದ ಗಿಡಕ್ಕೆ ಬಲೆ ಕಟ್ಟಿಸಿದೆ. ನಮ್ಮ ಕೆಲಸದ ಬಾಬು ಜಾನ್ ಬಿದಿರು ನೆಟ್ಟು, ಮೀನು ಹಿಡಿಯುವವರ ಹಳೆಯ ಬಲೆಯನ್ನು ಸುತ್ತಲೂ ಮೇಲೂ ಹೊದಿಸಿ, ಆಳು ಹೋಗುವಷ್ಟು ಬಾಗಿಲಿಟ್ಟ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಆದರೂ ದಿನವೂ ಹಣ್ಣು ಅರ್ಧಂಬರ್ಧ ಕಾಣೆ. ಅವನನ್ನೇ ಹಿಡಿದೆ.

"ಇನ್ನೊಂದು ಬೀಗದ ಕೈ ಮಾಡಿಸ್ಕೊಂಡಿದ್ದೀಯೇನ್ಲಾ ಬಾಬು?"

"ಒಳೀಕ್ ಬಂದು ನೋಡು ಕಣಜ್ಜಿ. ಬಿರ್ನೆ ಮುಗ್ಸು ಅಂತ ನೀನೇ ಬಡ್ಕೊಂಡೆ, ಗಿಣಿ ಒಳಗಿದ್ದಂಗೇ ಬಲೆ ಹೊಲಿಸ್ಬುಟ್ಟೆ."

ಎಲೆಯ ಮರೆಯಲ್ಲಿ ಗಿಣಿ ಕೊಬ್ಬಿ ಕುಳಿತಿತ್ತು. ಅವನೇ ತಂದು ಬಿಟ್ಟನೆಂದು ನನಗೆ ಈಗಲೂ ಗುಮಾನಿ.

ಹಿಂದೆ ಹಣ್ಣು ಕಾಣೆಯಾದಾಗ ನಿನಗೆ ನಾನೇನೂ ಅನ್ನಲಿಲ್ಲ. ಬಸುರಿ ಹೆಂಗಸು, ಬಾಯಿ ತೆರೆದು ತೋರಿಸು ಎಂದೆ, ಅಷ್ಟೆ. ಕೂಸು ಗಂಡೋ ಹೆಣ್ಣೋ ಎಂದು ನಿಮ್ಮವರು ಇನ್ನೂ ಹೇಳಿ ಕಳಿಸಿಲ್ಲ, ಅದೇನು ಮುಚ್ಚಿಡುತ್ತಿದ್ದಾರೋ. ಈ ಕಾಗದ ಕಳಿಸಿದರೆ ನಿಮ್ಮಪ್ಪ ಬಂಡೂರಿಗೆಲ್ಲ ಓದಿ ಹೇಳುತ್ತಾನೆ. ಅದಕ್ಕೇ ಮಡಿಸಿಟ್ಟುಕೊಳ್ಳುತ್ತೇನೆ.

ಬಾಗಿಲು ತೆರೆದು ಗಿಣಿಯನ್ನು ಓಡಿಸಿದ ಮೇಲೆ ಹಣ್ಣು ತುಂಬಿ ಬಂದಿದೆ. ಯಾರು ಕೇಳಿದರೂ ಕೊಟ್ಟಿಲ್ಲ. ಬಂಡೂರಿನ ಕಡೆಯಿಂದ ಇದ್ದಿಲು ಉರಿಸಿ ಓಡಿಸುವ ಬಸ್ಸು ಬಂದ ಸದ್ದಾದರೆ ಹಟ್ಟಿ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಈಗಿನ ಕಾಲದಲ್ಲಿ ಕಳ್ಳರು ಬಸ್ಸಿನಲ್ಲೂ ಬರುತ್ತಾರಂತೆ.